ಸ್ಮಾರ್ಟ್‌ವಾಚ್ ತೋರಿಸುವ ಬಿಪಿ ಎಷ್ಟು ಸರಿ? ಒಂದು ವಾರದಲ್ಲಿ ನೀವೇ ಪರೀಕ್ಷಿಸುವ ಕ್ರಮ

ಕೈಗೆ ಕಟ್ಟಿದ ವಾಚು 124/80 ಎನ್ನುತ್ತದೆ, ತೋಳಿಗೆ ಸುತ್ತುವ ಯಂತ್ರ 141/88 ಎನ್ನುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಚಿಕಿತ್ಸೆಯ ವಿಷಯಕ್ಕೆ ಬಂದರೆ ಉತ್ತರ ಚಿಕ್ಕದು: ತೋಳಿನ ಯಂತ್ರವನ್ನು ನಂಬಿ. ಕಫ್, ಅಂದರೆ ಗಾಳಿ ತುಂಬಿದಾಗ ಬಿಗಿಯಾಗುವ ಪಟ್ಟಿ, ಇಲ್ಲದ ಸಾಧನಗಳನ್ನು ರೋಗನಿರ್ಣಯಕ್ಕಾಗಲಿ ಚಿಕಿತ್ಸೆಯ ನಿರ್ಧಾರಕ್ಕಾಗಲಿ ಬಳಸಬಾರದೆಂದು ಯುರೋಪಿಯನ್ ಸೊಸೈಟಿ ಆಫ್ ಹೈಪರ್‌ಟೆನ್ಷನ್‌ನ 2023ರ ಮಾರ್ಗಸೂಚಿಯೂ ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳ 2025ರ ಮಾರ್ಗಸೂಚಿಯೂ ಹೇಳಿವೆ. ಆದರೆ ನಿಮ್ಮ ವಾಚು ನಿಮ್ಮ ಮೈಮೇಲೆ ಎಷ್ಟು ತಪ್ಪುತ್ತದೆ, ಯಾವಾಗ ತಪ್ಪುತ್ತದೆ ಎಂಬುದನ್ನು ಯಾವ ಮಾರ್ಗಸೂಚಿಯೂ ಹೇಳಲಾರದು. ಅದನ್ನು ಕಂಡುಕೊಳ್ಳುವ ಕ್ರಮ ಇಲ್ಲಿದೆ.

ಇದಕ್ಕೆ ಬೇಕಾದದ್ದು ಪರೀಕ್ಷೆಗೊಳಪಟ್ಟ ಒಂದು ತೋಳಿನ ಬಿಪಿ ಯಂತ್ರ, ಬಟ್ಟೆ ಅಳೆಯುವ ಟೇಪು, ಬೆನ್ನಿಗೆ ಆಸರೆಯಿರುವ ಕುರ್ಚಿ, ಮೇಜು, ಒಂದು ನೋಟ್‌ಬುಕ್ಕು ಮತ್ತು ಏಳು ದಿನಗಳ ತಾಳ್ಮೆ. ಬಿಪಿಯ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಸಿಸ್ಟೋಲಿಕ್, ಅಂದರೆ ಹೃದಯ ಸಂಕುಚಿಸಿ ರಕ್ತವನ್ನು ಹೊರದೂಡುವಾಗಿನ ಒತ್ತಡ. ಎರಡನೆಯದು ಡಯಾಸ್ಟೋಲಿಕ್, ಅಂದರೆ ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡಾಗಿನ ಒತ್ತಡ. ಇವನ್ನು ಪಾದರಸದ ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಮುಂದೆ ಒತ್ತಡವನ್ನು ಬರೀ ಸಂಖ್ಯೆಯಾಗಿ ಬರೆದ ಕಡೆಯಲ್ಲೆಲ್ಲ ಅದೇ ಮಾನವೆಂದು ತಿಳಿಯಿರಿ.

1. ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಸಾಧನ ಎಂದು ಗುರುತಿಸಿಕೊಳ್ಳಿ

ಬಿಪಿ ತೋರಿಸುವ ವಾಚುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವಕ್ಕೆ ಬೆಲ್ಟಿನೊಳಗೇ ಸಣ್ಣ ಕಫ್ ಇರುತ್ತದೆ. 2018ರ ಕೊನೆಯಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದ ಓಮ್ರಾನ್ ಹಾರ್ಟ್‌ಗೈಡ್, ಆಮೇಲೆ ಬಂದ ಹುವಾವೇ ವಾಚ್ ಡಿ ಈ ಬಗೆಯವು. ಇವು ಮಣಿಕಟ್ಟನ್ನು ನಿಜವಾಗಿಯೂ ಒತ್ತಿ, ಗಾಳಿಯ ಒತ್ತಡ ಬದಲಾಗುವಾಗ ಅಪಧಮನಿಯಿಂದ ಬರುವ ಸಣ್ಣ ಕಂಪನಗಳನ್ನು ಹಿಡಿಯುತ್ತವೆ. ಇದಕ್ಕೆ ಆಸಿಲೋಮೆಟ್ರಿ ಎಂದು ಹೆಸರು. ಮನೆಯ ತೋಳಿನ ಯಂತ್ರವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ.

ಎರಡನೆಯ ಬಗೆಯ ವಾಚು ಏನನ್ನೂ ಒತ್ತುವುದಿಲ್ಲ. ಅದರ ತಳದಿಂದ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ. ಪ್ರತಿ ಬಡಿತಕ್ಕೂ ರಕ್ತ ತುಂಬಿ ಇಳಿಯುವಾಗ ಹಿಂತಿರುಗುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಈ ವಿಧಾನವನ್ನು ಪಿಪಿಜಿ ಎನ್ನುತ್ತಾರೆ. ಹೀಗೆ ಸಿಕ್ಕ ನಾಡಿಯ ಅಲೆಯ ಆಕಾರದಿಂದ ವಾಚು ಒತ್ತಡವನ್ನು ಅಂದಾಜು ಮಾಡುತ್ತದೆ. ಅಂದಾಜು ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ: ಬೆಳಕು ಅಳೆಯುವುದು ರಕ್ತದ ಪ್ರಮಾಣದ ಏರಿಳಿತವನ್ನು, ಒತ್ತಡವೆಂಬುದು ಲೆಕ್ಕ ಹಾಕಿ ಬಂದ ಸಂಖ್ಯೆ. ಹಾಗಾಗಿ ಇಂಥ ಬಹುತೇಕ ಸಾಧನಗಳಿಗೆ ಆರಂಭದಲ್ಲಿ ತೋಳಿನ ಯಂತ್ರದ ರೀಡಿಂಗ್ ಕೊಟ್ಟು ಹೊಂದಿಸಬೇಕಾಗುತ್ತದೆ. ಅದೇ ಕ್ಯಾಲಿಬ್ರೇಷನ್. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚುಗಳಲ್ಲಿ 28 ದಿನಕ್ಕೊಮ್ಮೆ ಇದನ್ನು ಮಾಡಲೇಬೇಕು.

ಮೂರನೆಯ ಬಗೆಯದು ಸಂಖ್ಯೆಯನ್ನೇ ಕೊಡುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಅನುಮತಿ ಸಿಕ್ಕ ಆ್ಯಪಲ್ ವಾಚಿನ ಸೌಲಭ್ಯ 30 ದಿನಗಳ ಮಾಹಿತಿಯನ್ನು ನೋಡಿ, ಅಧಿಕ ರಕ್ತದೊತ್ತಡದ ಲಕ್ಷಣ ಕಂಡರೆ ಸೂಚನೆ ಕಳಿಸುತ್ತದೆ, ಅಷ್ಟೆ. ನಿಮ್ಮಲ್ಲಿ ಇದಿದ್ದರೆ ಕೆಳಗಿನ ಹೋಲಿಕೆಯ ಅಗತ್ಯವಿಲ್ಲ. ಸೂಚನೆ ಬಂದಾಗ ತೋಳಿನ ಯಂತ್ರದಲ್ಲಿ ಒಂದು ವಾರ ಅಳೆದು ವೈದ್ಯರಿಗೆ ತೋರಿಸಿದರಾಯಿತು. ಸೂಚನೆ ಬರಲಿಲ್ಲವೆಂದ ಮಾತ್ರಕ್ಕೆ ಬಿಪಿ ಇಲ್ಲವೆಂದು ಮಾತ್ರ ತಿಳಿಯಬೇಡಿ.

ಇವು ಮೂರೂ ಅಲ್ಲದೆ, ಯಾವ ಕ್ಯಾಲಿಬ್ರೇಷನ್ನನ್ನೂ ಕೇಳದೆ, ವಯಸ್ಸು, ಎತ್ತರ, ತೂಕವನ್ನಷ್ಟೇ ತುಂಬಿಸಿಕೊಂಡು ಅರ್ಧ ನಿಮಿಷದಲ್ಲಿ ಬಿಪಿ ತೋರಿಸುವ ಅಗ್ಗದ ವಾಚುಗಳು ಧಾರಾಳವಾಗಿವೆ. ಇವಕ್ಕೆ ಸುಲಭದ ಪರೀಕ್ಷೆಯೊಂದಿದೆ. ಒಂದು ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ, ವಾಚನ್ನು ಅದಕ್ಕೆ ಕಟ್ಟಿ, ಬಿಪಿಯ ಗುಂಡಿ ಒತ್ತಿ. ಟವೆಲಿಗೂ 118/76 ಎಂಬಂಥ ಆರೋಗ್ಯಕರ ಸಂಖ್ಯೆಯೊಂದು ಬಂದರೆ ನಿಮ್ಮ ಪರೀಕ್ಷೆ ಅಲ್ಲಿಗೆ ಮುಗಿಯಿತು; ಆ ವಾಚನ್ನು ಗಂಟೆ ನೋಡಲು ಇಟ್ಟುಕೊಳ್ಳಿ. ಸಂಖ್ಯೆ ಬರಲಿಲ್ಲವೆಂದರೆ ವಾಚು ನಾಡಿಯಿದೆಯೋ ಇಲ್ಲವೋ ಎಂಬುದನ್ನಾದರೂ ನೋಡುತ್ತದೆ ಎಂದಷ್ಟೇ ಅರ್ಥ, ಒತ್ತಡವನ್ನು ಸರಿಯಾಗಿ ಹೇಳುತ್ತದೆ ಎಂದಲ್ಲ.

2. ಹೋಲಿಕೆಗೆ ನಂಬಬಹುದಾದ ತೋಳಿನ ಯಂತ್ರವನ್ನು ಆರಿಸಿಕೊಳ್ಳಿ

ಅಳತೆಗೋಲೇ ಸೊಟ್ಟಗಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಯಂತ್ರ ಕೊಳ್ಳುವ ಮೊದಲು ಅದರ ಮಾದರಿ ಸಂಖ್ಯೆಯನ್ನು ಸ್ಟ್ರೈಡ್ ಬಿಪಿ ಎಂಬ ಅಂತರರಾಷ್ಟ್ರೀಯ ಲಾಭರಹಿತ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ. ಸ್ವತಂತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರಗಳ ಪಟ್ಟಿ ಅಲ್ಲಿದೆ. ಕಂಪನಿಯ ಹೆಸರೊಂದೇ ಸಾಲದು. ಒಂದೇ ಕಂಪನಿಯ ಒಂದು ಮಾದರಿ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು.

ತೇರ್ಗಡೆ ಎಂದರೇನು ಎಂಬುದನ್ನೂ ತಿಳಿದಿರಬೇಕು. ಐಎಸ್‌ಒ 81060-2 ಎಂಬ ಮಾನದಂಡದ ಪ್ರಕಾರ, ಕನಿಷ್ಠ 85 ಜನರ ಮೇಲೆ ತರಬೇತಾದ ವೀಕ್ಷಕರ ಅಳತೆಯೊಡನೆ ಹೋಲಿಸಿದಾಗ ಯಂತ್ರದ ಸರಾಸರಿ ವ್ಯತ್ಯಾಸ 5ರೊಳಗೆ, ಆ ವ್ಯತ್ಯಾಸದ ಪ್ರಮಾಣ ವಿಚಲನೆ 8ರೊಳಗೆ ಇರಬೇಕು. ಪ್ರಮಾಣ ವಿಚಲನೆ ಎಂದರೆ ರೀಡಿಂಗ್‌ಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಅದು 8 ಇದ್ದರೆ, ಸರಾಸರಿ ಸರಿಯಾಗಿದ್ದರೂ ಸುಮಾರು ಮೂರರಲ್ಲೊಂದು ರೀಡಿಂಗ್ 8ಕ್ಕಿಂತ ಹೆಚ್ಚು ತಪ್ಪಿರುವ ಸಾಧ್ಯತೆಯಿದೆ. ಆದ್ದರಿಂದ ತೋಳಿನ ಯಂತ್ರದ ಒಂಟಿ ರೀಡಿಂಗನ್ನೂ ವೇದವಾಕ್ಯವೆಂದುಕೊಳ್ಳಬಾರದು. ನಂಬಬೇಕಾದದ್ದು ಹಲವು ರೀಡಿಂಗ್‌ಗಳ ಸರಾಸರಿಯನ್ನು.

ಕಫ್‌ನ ಅಳತೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಭುಜದ ತುದಿಗೂ ಮೊಣಕೈಗೂ ನಡುಮಧ್ಯದಲ್ಲಿ ಟೇಪು ಸುತ್ತಿ ತೋಳಿನ ಸುತ್ತಳತೆ ಗುರುತಿಸಿಕೊಳ್ಳಿ. ಕಫ್‌ನ ಮೇಲೆ ಅದಕ್ಕೊಪ್ಪುವ ಅಳತೆಗಳನ್ನು ಸೆಂಟಿಮೀಟರ್‌ಗಳಲ್ಲಿ ಮುದ್ರಿಸಿರುತ್ತಾರೆ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅತಿ ದೊಡ್ಡ ಕಫ್ ಬೇಕಾಗಿದ್ದವರಿಗೆ ಸಾಮಾನ್ಯ ಅಳತೆಯ ಕಫ್ ಹಾಕಿದಾಗ ಸಿಸ್ಟೋಲಿಕ್ ಸರಾಸರಿ 19.5ರಷ್ಟು ಹೆಚ್ಚು ಬಂದಿತ್ತು. ಇಷ್ಟು ತಪ್ಪಿದ ಯಂತ್ರವನ್ನು ಮುಂದಿಟ್ಟುಕೊಂಡು ವಾಚನ್ನು ದೂರುವುದು ನ್ಯಾಯವಲ್ಲ.

3. ಸರಿಯಾಗಿ ಕುಳಿತು ಅಳೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ

ವಾಚಿನ ಮೇಲೆ ಬರುವ ದೂರುಗಳಲ್ಲಿ ಗಣನೀಯ ಪಾಲು ವಾಸ್ತವದಲ್ಲಿ ಕುಳಿತ ಭಂಗಿಯ ದೋಷ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಧೂಮಪಾನ, ವ್ಯಾಯಾಮ ಬೇಡ. ಮೂತ್ರ ವಿಸರ್ಜನೆ ಮಾಡಿ ಬನ್ನಿ. ಬೆನ್ನನ್ನು ಕುರ್ಚಿಗೆ ಆನಿಸಿ, ಪಾದಗಳನ್ನು ನೆಲಕ್ಕೆ ಊರಿ, ಕಾಲಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಸುಮ್ಮನೆ ಎಂದರೆ ಫೋನನ್ನೂ ನೋಡದೆ. ಅಳೆಯುವಾಗ ಮಾತಾಡಬೇಡಿ, ಪಕ್ಕದವರು ಕೇಳಿದ ಪ್ರಶ್ನೆಗೆ ಉತ್ತರಿಸಿದರೂ ಬಿಪಿ ಏರುತ್ತದೆ. ಕಫ್ ಬಟ್ಟೆಯ ಮೇಲಲ್ಲ, ಬರಿ ತೋಳಿನ ಮೇಲಿರಬೇಕು.

ಕೈಯ ಎತ್ತರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಕ್ತವೂ ದ್ರವವೇ ಆದ್ದರಿಂದ, ಅಳೆಯುವ ಜಾಗ ಹೃದಯಕ್ಕಿಂತ ಕೆಳಗಿದ್ದಷ್ಟೂ ಅಲ್ಲಿನ ಒತ್ತಡ ಹೆಚ್ಚು, ಮೇಲಿದ್ದಷ್ಟೂ ಕಡಿಮೆ. ಪ್ರತಿ 10 ಸೆಂಟಿಮೀಟರಿಗೆ ಹತ್ತಿರಹತ್ತಿರ 8ರಷ್ಟು ವ್ಯತ್ಯಾಸವಾಗುತ್ತದೆ. ತೋಳಿನ ಕಫ್‌ನಲ್ಲೇ, ಕೈಯನ್ನು ಮೇಜಿನ ಬದಲು ತೊಡೆಯ ಮೇಲಿಟ್ಟರೆ ಸಿಸ್ಟೋಲಿಕ್ ಸರಾಸರಿ ಸುಮಾರು 4, ಪಕ್ಕಕ್ಕೆ ಇಳಿಬಿಟ್ಟರೆ 6.5ರಷ್ಟು ಹೆಚ್ಚು ಬರುವುದು 2024ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಮಣಿಕಟ್ಟಿನ ಮಟ್ಟಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ತೋಳು ಎಲ್ಲಿಗೂ ಹೋಗದಿದ್ದರೂ ಮೊಣಕೈ ಮಡಚಿದರೆ ಸಾಕು, ಮಣಿಕಟ್ಟು ಒಂದು ಗೇಣು ಮೇಲೆ ಕೆಳಗೆ ಆಗುತ್ತದೆ. ಬೆಲ್ಟಿನಲ್ಲಿ ಕಫ್ ಇರುವ ವಾಚನ್ನು ಎದೆಯ ನಡುಭಾಗದ ಎತ್ತರದಲ್ಲೇ ಹಿಡಿದು ಅಳೆಯಬೇಕು. ಬೆಳಕಿನ ವಾಚಿಗೆ ಕೈಪಿಡಿಯಲ್ಲಿ ಹೇಳಿದ ಭಂಗಿ ಯಾವುದೋ ಅದನ್ನೇ, ಕ್ಯಾಲಿಬ್ರೇಷನ್ ಮಾಡುವಾಗಲೂ ಆಮೇಲೂ ಒಂದೇ ರೀತಿಯಲ್ಲಿ ಅನುಸರಿಸಬೇಕು.

ಬೆಳಕಿನ ವಾಚಿಗೆ ಇನ್ನೂ ಕೆಲವು ಶತ್ರುಗಳಿವೆ. ಸಡಿಲವಾದ ಬೆಲ್ಟು, ತಣ್ಣಗಾದ ಕೈ, ಬೆವರು, ಹಚ್ಚೆ ಹಾಕಿದ ಚರ್ಮ, ಸ್ವಲ್ಪವೇ ಅಲುಗಿದ ಬೆರಳು ಕೂಡ ನಾಡಿಯ ಅಲೆಯನ್ನು ಕದಡುತ್ತವೆ. ವಾಚನ್ನು ಮಣಿಕಟ್ಟಿನ ಎಲುಬಿನಿಂದ ಸ್ವಲ್ಪ ಮೇಲೆ, ಚರ್ಮಕ್ಕೆ ತಾಗಿಕೊಂಡಿರುವಂತೆ ಕಟ್ಟಿ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯ ಅಡ್ಡಾದಿಡ್ಡಿಯಾಗಿ ಬಡಿಯುವ ತೊಂದರೆ ಇರುವವರಲ್ಲಿ ಒಂದು ಬಡಿತದ ಅಲೆ ಇನ್ನೊಂದರಂತಿರದ ಕಾರಣ ಈ ಅಂದಾಜು ಕೆಡುತ್ತದೆ. ಅಂಥವರು, ಹಾಗೆಯೇ ಗರ್ಭಿಣಿಯರು, ವಾಚನ್ನು ಈ ಕೆಲಸಕ್ಕೆ ಬಳಸಲೇಬಾರದು.

4. ಎರಡೂ ತೋಳುಗಳನ್ನು ಅಳೆದು, ಆಮೇಲೆ ಕ್ಯಾಲಿಬ್ರೇಷನ್ ಮಾಡಿ

ಮೊದಲ ದಿನ ಎರಡೂ ತೋಳುಗಳಲ್ಲಿ ಎರಡೆರಡು ಬಾರಿ ಅಳೆಯಿರಿ. ಸಣ್ಣ ವ್ಯತ್ಯಾಸ ಸಹಜ. ಸಿಸ್ಟೋಲಿಕ್‌ನಲ್ಲಿ ವ್ಯತ್ಯಾಸ 10ಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಬಂದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಮುಂದೆ ಯಾವಾಗಲೂ ಹೆಚ್ಚು ತೋರಿಸುವ ತೋಳಿನಲ್ಲೇ ಅಳೆಯಬೇಕು. ವಾಚು ಎಡಗೈಯಲ್ಲಿದ್ದು ಕಫ್ ಬಲತೋಳಿನಲ್ಲಿದ್ದರೆ, ಎರಡು ತೋಳುಗಳ ಈ ವ್ಯತ್ಯಾಸವೂ ವಾಚಿನ ತಪ್ಪಿನ ಲೆಕ್ಕಕ್ಕೆ ಸೇರಿಬಿಡುತ್ತದೆ ಎಂಬುದನ್ನು ನೆನಪಿಡಿ.

ಕ್ಯಾಲಿಬ್ರೇಷನ್ ಕೇಳುವ ವಾಚಾದರೆ ಕೈಪಿಡಿ ಹೇಳಿದಷ್ಟು ಬಾರಿ ಅಳೆದು, ಬಂದ ಸಂಖ್ಯೆಯನ್ನು ಬಂದ ಹಾಗೆಯೇ ತುಂಬಿಸಿ. ಇಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ, ಸಂಖ್ಯೆ ಚೆನ್ನಾಗಿ ಬರುವವರೆಗೂ ಅಳೆದು ಕೊನೆಗೆ ಸಿಕ್ಕ ಅತಿ ಕಡಿಮೆ ರೀಡಿಂಗನ್ನು ತುಂಬುವುದು. ಆ ವಾಚು ಇಡೀ ತಿಂಗಳು ಅದೇ ಸುಳ್ಳನ್ನು ನಿಮಗೆ ಹಿಂದಿರುಗಿಸುತ್ತದೆ. ತುಂಬಿದ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದಿಡಿ. ಆರನೆಯ ಹಂತದಲ್ಲಿ ಅದರಿಂದ ದೊಡ್ಡ ಕೆಲಸವಿದೆ. ಪರೀಕ್ಷೆಯ ವಾರದ ನಡುವೆ ಮರುಕ್ಯಾಲಿಬ್ರೇಷನ್ ಮಾಡಬೇಡಿ.

5. ಏಳು ದಿನ ಜೋಡಿ ರೀಡಿಂಗ್ ಬರೆಯಿರಿ

ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮುಂಚೆ ಒಮ್ಮೆ, ಸಂಜೆ ಅಥವಾ ಮಲಗುವ ಮುನ್ನ ಒಮ್ಮೆ ಕುಳಿತುಕೊಳ್ಳಿ. ಪ್ರತಿ ಸಲವೂ ಮೊದಲು ಕಫ್, ಆಮೇಲೆ ವಾಚು, ಒಂದು ನಿಮಿಷ ಬಿಟ್ಟು ಮತ್ತೆ ಕಫ್ ಎಂಬ ಕ್ರಮದಲ್ಲಿ ಅಳೆಯಿರಿ. ವಾಚಿನ ಹಿಂದೆಯೂ ಮುಂದೆಯೂ ಕಫ್ ಇಡುವುದಕ್ಕೆ ಕಾರಣವಿದೆ: ಒತ್ತಡ ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ, ಎರಡು ಕಫ್ ರೀಡಿಂಗ್‌ಗಳ ಸರಾಸರಿ ಆ ನಡುಗಾಲದ ಒತ್ತಡಕ್ಕೆ ಹತ್ತಿರವಾಗಿರುತ್ತದೆ. ಎರಡೂ ಸಾಧನಗಳನ್ನು ಒಂದೇ ಕೈಯಲ್ಲಿ ಏಕಕಾಲಕ್ಕೆ ನಡೆಸಬೇಡಿ. ಕಫ್ ಬಿಗಿದಾಗ ಮಣಿಕಟ್ಟಿನ ನಾಡಿಯೇ ನಿಂತುಹೋಗುತ್ತದೆ.

ದಿನಾಂಕ, ಸಮಯ, ಕಫ್‌ನ ಸರಾಸರಿ, ವಾಚಿನ ಸಂಖ್ಯೆ, ವಾಚಿನಿಂದ ಕಫ್ ಕಳೆದರೆ ಬರುವ ವ್ಯತ್ಯಾಸ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆಯಿರಿ. ವಾಚು ವಿಚಿತ್ರ ಸಂಖ್ಯೆ ಕೊಟ್ಟಿತೆಂದು ಅದನ್ನು ಹೊಡೆದುಹಾಕಬೇಡಿ, ಪರೀಕ್ಷಿಸುತ್ತಿರುವುದೇ ಅದನ್ನು. ಮೊದಲ ದಿನದ ರೀಡಿಂಗ್‌ಗಳು ಸಾಮಾನ್ಯವಾಗಿ ಅಭ್ಯಾಸವಿಲ್ಲದ ಆತಂಕದಿಂದ ಹೆಚ್ಚಿರುವುದರಿಂದ, ಮನೆಯ ಬಿಪಿಯ ಸರಾಸರಿ ಲೆಕ್ಕ ಹಾಕುವಾಗ ಅವನ್ನು ಬಿಡುವುದು ರೂಢಿ.

6. ಲೆಕ್ಕ ಹಾಕಿ, ಆದರೆ ಸರಾಸರಿಗೆ ಮರುಳಾಗಬೇಡಿ

ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಲೆಕ್ಕದ ಅನುಕೂಲಕ್ಕಾಗಿ ನಾನೇ ಹೊಂದಿಸಿದ ಒಂದು ಉದಾಹರಣೆಯನ್ನು ನೋಡಿ. ಕ್ಯಾಲಿಬ್ರೇಷನ್‌ಗೆ ತುಂಬಿದ ಸಿಸ್ಟೋಲಿಕ್ 128. ಆಮೇಲೆ ಆರು ಸಲ ಅಳೆದಾಗ ಕಫ್‌ನಲ್ಲಿ 126, 138, 119, 144, 131, 122 ಬಂತು. ಅದೇ ಹೊತ್ತಿನಲ್ಲಿ ವಾಚಿನಲ್ಲಿ ಬಂದದ್ದು 127, 130, 126, 131, 129, 127.

ವ್ಯತ್ಯಾಸಗಳು ಕ್ರಮವಾಗಿ +1, -8, +7, -13, -2, +5. ಚಿಹ್ನೆಸಮೇತ ಕೂಡಿ ಆರರಿಂದ ಭಾಗಿಸಿದರೆ ಸರಾಸರಿ ವ್ಯತ್ಯಾಸ -1.7. ಮೇಲುನೋಟಕ್ಕೆ ಬಹಳ ಒಳ್ಳೆಯ ವಾಚು! ಜಾಹೀರಾತಿನಲ್ಲಿ ಹಾಕಿಕೊಳ್ಳುವಂಥ ಸಂಖ್ಯೆ. ಆದರೆ ಹೆಚ್ಚು ತೋರಿಸಿದ್ದೂ ಕಡಿಮೆ ತೋರಿಸಿದ್ದೂ ಒಂದನ್ನೊಂದು ಹೊಡೆದುಹಾಕಿದ್ದರಿಂದ ಹೀಗೆ ಬಂದಿದೆ. ಚಿಹ್ನೆ ಬಿಟ್ಟು ಕೂಡಿದರೆ ಒಟ್ಟು 36, ಅಂದರೆ ಪ್ರತಿ ಸಲ ಸರಾಸರಿ 6ರ ತಪ್ಪು.

ಈಗ ಇನ್ನೊಂದು ಹೆಜ್ಜೆ ಹೋಗಿ. ವಾಚನ್ನೇ ಬಿಟ್ಟು, ಪ್ರತಿ ಸಲವೂ ಕಣ್ಣುಮುಚ್ಚಿ 128 ಎಂದು ಹೇಳಿದ್ದರೆ ಏನಾಗುತ್ತಿತ್ತು? ವ್ಯತ್ಯಾಸಗಳು 2, 10, 9, 16, 3, 6. ಸರಾಸರಿ ತಪ್ಪು 7.7. ಸಂವೇದಕ, ಬೆಳಕು, ಲೆಕ್ಕಾಚಾರ ಎಲ್ಲ ಸೇರಿಯೂ ವಾಚು ಒಂದು ಚೀಟಿಯ ಮೇಲೆ ಬರೆದಿಟ್ಟ ಸ್ಥಿರ ಸಂಖ್ಯೆಗಿಂತ 2ರಷ್ಟೂ ಮುಂದೆ ಹೋಗಲಿಲ್ಲ. ಕಫ್ 119ರಿಂದ 144ರವರೆಗೆ 25ರಷ್ಟು ಓಡಾಡಿದರೆ ವಾಚು 126ರಿಂದ 131ರವರೆಗೆ 5ರಷ್ಟು ಮಾತ್ರ ಅಲುಗಿತು. ಮನೆಯಲ್ಲಿ ಅಳೆದಾಗ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡವೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಈ ಉದಾಹರಣೆಯಲ್ಲಿ ಕಫ್ ಎರಡು ಬಾರಿ 135 ದಾಟಿತು, ವಾಚು ಒಮ್ಮೆಯೂ ದಾಟಲಿಲ್ಲ. ಎಚ್ಚರಿಸಬೇಕಾದ ಹೊತ್ತಿನಲ್ಲೇ ಅದು ಸಮಾಧಾನದ ಮಾತಾಡಿತು.

ಕ್ಯಾಲಿಬ್ರೇಷನ್‌ನ ಮೇಲೆ ನಿಂತ ಸಾಧನಗಳ ಮೂಲ ಸಮಸ್ಯೆ ಇದೇ. ಕೊಟ್ಟ ಸಂಖ್ಯೆಯ ಸುತ್ತಮುತ್ತಲೇ ಅವು ಗಿರಕಿ ಹೊಡೆಯುವ ಸಾಧ್ಯತೆ ಇರುವುದರಿಂದ, ಕುಳಿತ ಕಡೆ ಮಾಡುವ ಹಳೆಯ ಪರೀಕ್ಷೆಯಲ್ಲಿ ಅವು ಸುಲಭವಾಗಿ ಪಾಸಾಗಿಬಿಡಬಹುದು. ಹಾಗಾಗಿಯೇ ಯುರೋಪಿಯನ್ ಸೊಸೈಟಿಯು ಕಫ್‌ರಹಿತ ಸಾಧನಗಳಿಗೆ ಬೇರೆಯೇ ಪರೀಕ್ಷೆಗಳನ್ನು ಸೂಚಿಸಿದೆ: ಕೈಯ ಎತ್ತರ ಬದಲಿಸಿದಾಗ, ಬಿಪಿ ಮಾತ್ರೆ ಶುರುಮಾಡಿದ ಮೇಲೆ, ನಿದ್ದೆಯಲ್ಲಿ, ವ್ಯಾಯಾಮದಲ್ಲಿ, ಮರುಕ್ಯಾಲಿಬ್ರೇಷನ್‌ಗೆ ಮುಂಚಿನ ಕೊನೆಯ ದಿನಗಳಲ್ಲಿ ಸಾಧನ ನಿಜವಾದ ಬದಲಾವಣೆಯನ್ನು ಹಿಂಬಾಲಿಸುತ್ತದೆಯೇ ಎಂದು ಅವು ನೋಡುತ್ತವೆ. ವಾಚು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೂ ಇದೇ; ಶೇಕಡಾ ಇಷ್ಟು ನಿಖರ ಎಂಬ ಘೋಷಣೆಗೆ ಬಿಪಿಯ ವಿಷಯದಲ್ಲಿ ಅರ್ಥವೇ ಇಲ್ಲ.

ನಿಮ್ಮ ವಾರದ ಲೆಕ್ಕದಲ್ಲಿ ಕಫ್‌ನ ಸಂಖ್ಯೆಗಳೇ ಹೆಚ್ಚು ಓಡಾಡದಿದ್ದರೆ ಈ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಲಾಗದು. ವಾಚು ಪಾಸಾಯಿತೆಂದು ಸಂತೋಷಪಡುವ ಬದಲು ಇನ್ನೊಂದು ವಾರ ಮುಂದುವರಿಸಿ. ವ್ಯತ್ಯಾಸ ತರಿಸಲೆಂದು ಮಾತ್ರೆ ತಪ್ಪಿಸುವ ಪ್ರಯೋಗ ಮಾತ್ರ ಖಂಡಿತ ಬೇಡ.

7. ಫಲಿತಾಂಶ ನೋಡಿ ವಾಚಿನ ಕೆಲಸವನ್ನು ಗೊತ್ತುಮಾಡಿ

ವಾಚು ಪ್ರತಿ ಸಲವೂ ಒಂದೇ ದಿಕ್ಕಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದು, ಕಫ್ ಏರಿದಾಗ ಏರಿ ಇಳಿದಾಗ ಇಳಿಯುತ್ತಿದ್ದರೆ, ಅದನ್ನು ಏರಿಳಿತದ ಜಾಡು ಹಿಡಿಯಲು ಬಳಸಬಹುದು. ಇಂಥ ವಾಚು ಹಲವು ದಿನ ಸತತವಾಗಿ ಎಂದಿಗಿಂತ ಹೆಚ್ಚು ತೋರಿಸಿದರೆ ಅದನ್ನು ಕಫ್ ತೆಗೆದು ಅಳೆಯಲು ಬಂದ ಕರೆಯೆಂದು ತಿಳಿಯಿರಿ. ಕಫ್ ಓಡಾಡಿದರೂ ಅಲುಗದ ವಾಚಾದರೆ ಬಿಪಿ ಸೌಲಭ್ಯವನ್ನು ಆಫ್ ಮಾಡಿಬಿಡಿ. ಸುಳ್ಳು ನೆಮ್ಮದಿ ಕೊಡುವ ಸಂಖ್ಯೆಗಿಂತ ಸಂಖ್ಯೆಯಿಲ್ಲದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ರಾತ್ರಿಯ ರೀಡಿಂಗ್‌ಗಳನ್ನು ಎರಡೂ ಸಂದರ್ಭಗಳಲ್ಲಿ ಅನುಮಾನದಿಂದಲೇ ನೋಡಿ. ನಿದ್ದೆಯಲ್ಲಿ ಬಿಪಿ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಇಳಿಯುವುದು ನಿಜವಾದರೂ, ವಾಚು ತೋರಿಸಿದ ಇಳಿತ ಕೈಯನ್ನು ದಿಂಬಿನ ಮೇಲಿಟ್ಟಿದ್ದರಿಂದಲೂ ಬಂದಿರಬಹುದು. ರಾತ್ರಿಯ ಬಿಪಿ ನಿಜವಾಗಿಯೂ ತಿಳಿಯಬೇಕಿದ್ದರೆ ವೈದ್ಯರು 24 ಗಂಟೆ ಕಟ್ಟಿಕೊಳ್ಳುವ ಆಂಬುಲೇಟರಿ ಯಂತ್ರವನ್ನು ಸೂಚಿಸುತ್ತಾರೆ. ಅದು ದಿನವಿಡೀ ನಿಗದಿತ ಅಂತರದಲ್ಲಿ ತಾನಾಗಿ ಕಫ್ ಬಿಗಿದು ಅಳೆಯುವ ಯಂತ್ರ.

ವಾಚಿನ ಸಂಖ್ಯೆ ನೋಡಿ ಮಾತ್ರೆಯ ಪ್ರಮಾಣ ಹೆಚ್ಚಿಸುವುದು, ಕಡಿಮೆ ಮಾಡುವುದು, ನಿಲ್ಲಿಸುವುದು ಯಾವುದೂ ಕೂಡದು. ಮಾತ್ರೆ ಬದಲಾದ ನಂತರ ಹಳೆಯ ಕ್ಯಾಲಿಬ್ರೇಷನ್ ಮೇಲೆ ವಾಚು ಹೇಳುವುದನ್ನೂ ನಂಬುವಂತಿಲ್ಲ. ಕಫ್‌ನಲ್ಲಿ 180/120 ದಾಟಿದ್ದು ಕಂಡರೆ ಒಂದು ನಿಮಿಷ ಸುಮ್ಮನೆ ಕುಳಿತು ಮತ್ತೊಮ್ಮೆ ಅಳೆಯಿರಿ. ಮತ್ತೆಯೂ ಅಷ್ಟೇ ಇದ್ದರೆ ತಡಮಾಡದೆ ವೈದ್ಯರನ್ನು ಸಂಪರ್ಕಿಸಿ. ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಸುಕಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅಳೆಯುತ್ತ ಕೂರದೆ ತುರ್ತು ಚಿಕಿತ್ಸೆಗೆ ಹೋಗಬೇಕು. ವಾಚು ಆಗಲೂ 124/80 ಎನ್ನುತ್ತಿರಬಹುದು.

ವೈದ್ಯರ ಬಳಿ ಹೋಗುವಾಗ ಫೋನಿನಲ್ಲಿರುವ ವಾಚಿನ ಬಣ್ಣಬಣ್ಣದ ಗ್ರಾಫಿಗಿಂತ ಈ ನೋಟ್‌ಬುಕ್ಕನ್ನು ಕೊಂಡೊಯ್ಯಿರಿ, ಜೊತೆಗೆ ತೋಳಿನ ಯಂತ್ರವನ್ನೂ. ಅಲ್ಲಿನ ಯಂತ್ರದ ಪಕ್ಕದಲ್ಲೇ ನಿಮ್ಮದನ್ನೂ ಒಮ್ಮೆ ಹಾಕಿ ನೋಡಿದರೆ, ಇಡೀ ವಾರ ನೀವು ಆಧಾರವಾಗಿಟ್ಟುಕೊಂಡ ಅಳತೆಗೋಲು ನೆಟ್ಟಗಿದೆಯೇ ಎಂಬುದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.